ಏಳು ಜನ, ಒಂದೇ ಬಚ್ಚಲು: ವಾಂತಿಭೇದಿ ಒಬ್ಬರಿಂದೊಬ್ಬರಿಗೆ ದಾಟುತ್ತಿದೆ, ಉಳಿದವರನ್ನು ಕಾಪಾಡುವುದು ಹೇಗೆ?

ತಿಪಟೂರಿನ ಸೊಸೆ · ಗುರುವಾರ ಬೆಳಿಗ್ಗೆ 6:20

ಎಲ್ಲರಿಗೂ ನಮಸ್ಕಾರ. ನಮ್ಮದು ಏಳು ಜನರ ಮನೆ. ಅತ್ತೆ, ಮಾವ, ನಮ್ಮ ಯಜಮಾನರು, ಮೈದುನ, ನಾನು, ಒಂಬತ್ತು ವರ್ಷದ ಮಗಳು ಮತ್ತು ನಾಲ್ಕು ವರ್ಷದ ಮಗ. ಎಲ್ಲರಿಗೂ ಸೇರಿ ಒಂದು ಬಚ್ಚಲು, ಒಂದು ಶೌಚಾಲಯ. ಕಳೆದ ಭಾನುವಾರ ನೆಂಟರ ಮನೆಯ ನಾಮಕರಣಕ್ಕೆ ಹೋಗಿ ಬಂದೆವು. ಸೋಮವಾರ ರಾತ್ರಿ ಹನ್ನೊಂದರ ಸುಮಾರಿಗೆ ನಿದ್ದೆಗಣ್ಣಿನಲ್ಲಿ ಎದ್ದು ಕುಳಿತ ಮಗ, ನಾನು ಬೋಗುಣಿ ತರುವಷ್ಟರಲ್ಲಿ ಹಾಸಿಗೆ, ಸೊಳ್ಳೆಪರದೆ, ನನ್ನ ಸೆರಗು ಎಲ್ಲದರ ಮೇಲೂ ವಾಂತಿ ಮಾಡಿಕೊಂಡ. ಬೆಳಗಾಗುವುದರೊಳಗೆ ಆರೇಳು ಸಲ ವಾಂತಿಯಾಗಿ, ಆಮೇಲೆ ನೀರಿನಂತೆ ಭೇದಿ ಶುರುವಾಯಿತು. ಮಂಗಳವಾರ ಡಾಕ್ಟರಿಗೆ ತೋರಿಸಿದೆವು. ವೈರಸ್ಸಿನಿಂದ ಬಂದದ್ದು, ಆ್ಯಂಟಿಬಯಾಟಿಕ್ ಬೇಡ ಎಂದು ಹೇಳಿ ಓಆರ್‌ಎಸ್ ಪೊಟ್ಟಣ ಮತ್ತು ಜಿಂಕ್ ಬರೆದುಕೊಟ್ಟರು. ಅವನು ಈಗ ಸುಧಾರಿಸಿಕೊಂಡಿದ್ದಾನೆ.

ಆದರೆ ಬುಧವಾರ ನಸುಕಿನಲ್ಲಿ ನನಗೆ ಶುರುವಾಯಿತು. ನಿನ್ನೆ ರಾತ್ರಿ ಮಗಳಿಗೆ ಬಂತು, ಈಗ ಒಂದು ಗಂಟೆಯಿಂದ ಅತ್ತೆ ಬಚ್ಚಲಿಗೂ ಕೋಣೆಗೂ ಓಡಾಡುತ್ತಿದ್ದಾರೆ. ನಾನು ಅಸಡ್ಡೆ ಮಾಡಿದವಳಲ್ಲ. ವಾಂತಿಯನ್ನು ಹಳೆಯ ಪಂಚೆಯ ತುಂಡಿನಿಂದ ಒರೆಸಿ, ಅದನ್ನು ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಜಾಲಿಸಿ, ನೆಲಕ್ಕೆ ಎರಡು ಸಲ ಫಿನಾಯಿಲ್ ಹಾಕಿದ್ದೆ. ಕುಡಿಯುವ ನೀರನ್ನು ಕುದಿಸಿಯೇ ಕೊಡುತ್ತಿದ್ದೇನೆ. ಮಗುವನ್ನು ಮುಟ್ಟಿದಾಗಲೆಲ್ಲ ಸ್ಯಾನಿಟೈಸರ್ ಹಚ್ಚಿಕೊಂಡಿದ್ದೇನೆ. ಹೀಗಿದ್ದರೂ ಇದು ಹೇಗೆ ಹಬ್ಬಿತು ಎಂಬುದು ನನಗೆ ತಿಳಿಯುತ್ತಿಲ್ಲ.

ಇನ್ನು ಉಳಿದಿರುವವರು ಗಂಡಸರು ಮೂವರೇ. ಮಾವನವರಿಗೆ 72 ವರ್ಷ, ಸಕ್ಕರೆ ಕಾಯಿಲೆಯೂ ಬಿ.ಪಿ.ಯೂ ಇವೆ. ಅವರಿಗೆ ಬಂದರೆ ಹೇಗೆ ಎಂಬ ಭಯ ನನ್ನನ್ನು ಕಾಡುತ್ತಿದೆ. ಏನು ಮಾಡಬೇಕೆಂದು ತಿಳಿದವರು ದಯವಿಟ್ಟು ಹೇಳಿ.

ನಿವೃತ್ತ ಶುಶ್ರೂಷಕಿ, ಮಂಡ್ಯ · 6:48

ಮೊದಲು ಒಂದು ಮಾತು ಕೇಳುತ್ತೇನಮ್ಮಾ. ಬಟ್ಟೆ ಜಾಲಿಸಿದ ಆ ಕಲ್ಲಿನ ಹತ್ತಿರವೇ ಮುಸುರೆ ಪಾತ್ರೆಯನ್ನೂ ತೊಳೆಯುತ್ತೀರಾ?

ತಿಪಟೂರಿನ ಸೊಸೆ · 6:55

ಹೌದು ಮೇಡಂ. ಹಿತ್ತಲಿನಲ್ಲಿರುವುದು ಒಂದೇ ನಲ್ಲಿ, ಒಂದೇ ಕಲ್ಲು. ಬಟ್ಟೆಗೂ ಅದೇ, ಪಾತ್ರೆಗೂ ಅದೇ.

ನಿವೃತ್ತ ಶುಶ್ರೂಷಕಿ, ಮಂಡ್ಯ · 7:30

ಹಾಗಿದ್ದರೆ ಒಂದು ದಾರಿ ಅಲ್ಲೇ ಸಿಕ್ಕಿತು. ಇದನ್ನು ತಪ್ಪು ಎತ್ತಿ ಹೇಳುತ್ತಿದ್ದೇನೆಂದು ಭಾವಿಸಬೇಡಿ, ಏಕೆಂದರೆ ನಮ್ಮ ಬಹುಪಾಲು ಮನೆಗಳಲ್ಲಿ ನಡೆಯುವುದು ಹೀಗೆಯೇ. ಇಂಥ ರೋಗದಲ್ಲಿ ನಾವೆಲ್ಲ ಕುಡಿಯುವ ನೀರನ್ನು ಮತ್ತು ಊಟವನ್ನು ಸಂಶಯಪಡುತ್ತೇವೆ, ಕೈಯನ್ನು ಮರೆಯುತ್ತೇವೆ. ನಿಮ್ಮ ಮನೆಯಲ್ಲಿ ಕಾಣುತ್ತಿರುವ ಲಕ್ಷಣ ನೊರೊವೈರಸ್ಸಿನಂತಿದೆ. ಅದು ಮೈಸೇರಿದ 12ರಿಂದ 48 ಗಂಟೆಗಳಲ್ಲಿ ಇದ್ದಕ್ಕಿದ್ದಂತೆ ವಾಂತಿ ತರಿಸುತ್ತದೆ ಮತ್ತು ಒಂದರಿಂದ ಮೂರು ದಿನಗಳಲ್ಲಿ ಇಳಿಯುತ್ತದೆ. ರೋಗ ಹಿಡಿಸಲು ಕಣ್ಣಿಗೆ ಕಾಣದ ಹತ್ತಾರು ಕಣಗಳು ಸಾಕು, ವಾಂತಿಯ ಒಂದು ಹನಿಯಲ್ಲಿ ಅಂಥವು ಲೆಕ್ಕವಿಲ್ಲದಷ್ಟು ಇರುತ್ತವೆ.

ಸ್ಯಾನಿಟೈಸರ್ ಬಗ್ಗೆ ಹೇಳುತ್ತೇನೆ. ಕೊರೊನಾ ಕಾಲದಿಂದ ನಮಗೆ ಅದರ ಮೇಲೆ ಬಹಳ ನಂಬಿಕೆ ಬಂದಿದೆ. ಆದರೆ ಕೊರೊನಾ ವೈರಸ್ಸಿನ ಮೇಲಿರುವ ಕೊಬ್ಬಿನ ಪದರ ನೊರೊವೈರಸ್ಸಿಗೆ ಇಲ್ಲ, ಆದ್ದರಿಂದ ಆಲ್ಕೊಹಾಲ್ ಅದನ್ನು ಸರಿಯಾಗಿ ಕೊಲ್ಲುವುದಿಲ್ಲ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ, ಬೆರಳ ಸಂದು, ಉಗುರಿನ ಅಡಿ ಎಲ್ಲವನ್ನೂ ಇಪ್ಪತ್ತು ಸೆಕೆಂಡು ಉಜ್ಜಿ ತೊಳೆದರೆ ಮಾತ್ರ ಅದು ಕೊಚ್ಚಿಹೋಗುತ್ತದೆ. ಫಿನಾಯಿಲ್‌ನಿಂದ ವಾಸನೆ ಹೋಗುತ್ತದೆ, ಆದರೆ ಈ ವೈರಸ್ಸಿಗೆ ಅದನ್ನು ನಂಬಿ ಕೂರುವಂತಿಲ್ಲ.

ನಂಬಬೇಕಾದದ್ದು ಬ್ಲೀಚಿಂಗ್ ಪೌಡರನ್ನು. ಶೇ. 30ರಷ್ಟು ಕ್ಲೋರಿನ್ ಇರುವ ಹೊಸ ಪೊಟ್ಟಣ ತನ್ನಿ, ಬಾಯಿ ತೆರೆದಿಟ್ಟ ಹಳೆಯದರಲ್ಲಿ ಸತ್ವ ಉಳಿದಿರುವುದಿಲ್ಲ. ನಲ್ಲಿ, ಚಿಲಕ, ಶೌಚಾಲಯದ ನೆಲ ಮುಂತಾದವನ್ನು ಒರೆಸಲು ಒಂದು ಲೀಟರ್ ನೀರಿಗೆ ಮೂರರಿಂದ ನಾಲ್ಕು ಗ್ರಾಂ, ಅಂದರೆ ತಲೆ ಸವರಿದ ಒಂದು ಟೀ ಚಮಚ ಪುಡಿ ಸಾಕು. ವಾಂತಿ ಅಥವಾ ಭೇದಿ ಬಿದ್ದ ಜಾಗಕ್ಕೆ ಲೀಟರಿಗೆ ಸುಮಾರು ಹದಿನೈದು ಗ್ರಾಂ ಬೇಕು. ಮೊದಲು ಬಿದ್ದದ್ದನ್ನು ಹಳೆಯ ಪತ್ರಿಕೆಯಿಂದ ಬಳಿದು ಚೀಲಕ್ಕೆ ಹಾಕಿ ಗಂಟು ಕಟ್ಟಿ, ಆಮೇಲೆ ಈ ನೀರು ಹಾಕಿ ಹತ್ತು ನಿಮಿಷ ಬಿಟ್ಟು ಒರೆಸಿ. ಕೈಗವಸು ಹಾಕಿಕೊಳ್ಳಿ, ಕಿಟಕಿ ತೆಗೆದಿಡಿ. ಶೌಚಾಲಯ ತೊಳೆಯುವ ಆ್ಯಸಿಡ್‌ ಜೊತೆಗೆ ಇದನ್ನು ಯಾವ ಕಾರಣಕ್ಕೂ ಸೇರಿಸಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ.

ಇನ್ನೊಂದು ವಸ್ತುವನ್ನು ನಾನು ಹೋದ ಹೋದ ಮನೆಯಲ್ಲೆಲ್ಲ ತೋರಿಸುತ್ತಿದ್ದೆ. ಅದು ಶೌಚಾಲಯದ ಬಕೆಟ್ಟಿನಲ್ಲಿ ತೇಲುವ ಮಗ್ಗು. ಕಾಯಿಲೆಯವರು ಅದೇ ಹಿಡಿಕೆ ಹಿಡಿದು ತೊಳೆದುಕೊಳ್ಳುತ್ತಾರೆ, ಹಿಡಿಕೆ ಮತ್ತೆ ನೀರಿಗೆ ಬೀಳುತ್ತದೆ, ಮುಂದಿನವರು ಅದೇ ನೀರಿಗೆ ಕೈ ಹಾಕುತ್ತಾರೆ. ಕಾಯಿಲೆಯವರಿಗೆ ಬೇರೆ ಮಗ್ಗು, ಬೇರೆ ಬಕೆಟ್ ಇಡಿ, ಮಾವನವರಿಗೆ ಬೇರೆಯೇ ಇರಲಿ.

ದಾವಣಗೆರೆ ಮೇಷ್ಟ್ರು · 7:52

ಇಷ್ಟೆಲ್ಲ ಗಾಬರಿ ಬೇಕಿಲ್ಲ. ಲಂಘನಂ ಪರಮೌಷಧಂ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಎರಡು ದಿನ ಹೊಟ್ಟೆಗೆ ಏನೂ ಹಾಕದೆ ವಿಶ್ರಾಂತಿ ಕೊಟ್ಟರೆ ತಾನಾಗಿಯೇ ನಿಲ್ಲುತ್ತದೆ.

ಮಕ್ಕಳ ವೈದ್ಯೆ, ಧಾರವಾಡ · 8:15

ಮೇಷ್ಟ್ರೇ, ನಿಮ್ಮ ಮೇಲಿನ ಗೌರವವನ್ನು ಇಟ್ಟುಕೊಂಡೇ ಹೇಳುತ್ತೇನೆ, ಮಕ್ಕಳ ವಿಷಯದಲ್ಲಿ ಈ ಮಾತನ್ನು ದಯವಿಟ್ಟು ಯಾರಿಗೂ ಹೇಳಬೇಡಿ. ವಾಂತಿಭೇದಿಯಲ್ಲಿ ಮಗುವಿನ ಜೀವಕ್ಕೆ ಎರವಾಗುವುದು ಬಹುಪಾಲು ವೈರಸ್ ಅಲ್ಲ, ಮೈಯಿಂದ ಹೊರಟುಹೋದ ನೀರು ಮತ್ತು ಉಪ್ಪು. ಅವನ್ನು ತುಂಬಿಕೊಡುವುದೇ ಚಿಕಿತ್ಸೆ. ಮಗು ಎದೆಹಾಲು ಕುಡಿಯುತ್ತಿದ್ದರೆ ಒಂದು ಹೊತ್ತೂ ನಿಲ್ಲಿಸಬಾರದು. ಊಟ ಮಾಡುವ ಮಗುವಾದರೆ ವಾಂತಿ ತಗ್ಗಿದ ಕೂಡಲೇ ಮೆತ್ತಗಿನ ಅನ್ನ ಮಜ್ಜಿಗೆ, ಬೇಳೆಕಟ್ಟು, ಇಡ್ಲಿ, ಬಾಳೆಹಣ್ಣು ಇಂಥವನ್ನು ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ಕರುಳಿನ ಒಳಪದರ ಮತ್ತೆ ಬೆಳೆಯಲು ಅದಕ್ಕೂ ಅನ್ನ ಬೇಕು. ಉಪವಾಸ ಕೆಡವಿದ ಮಗು ಚೇತರಿಸಿಕೊಳ್ಳುವುದು ನಿಧಾನ.

ದಾವಣಗೆರೆ ಮೇಷ್ಟ್ರು · 8:24

ದೊಡ್ಡವರ ಮಾತು ಬೇರೆಯಲ್ಲವೇ ಡಾಕ್ಟರೇ? ನನಗೆ ಬಂದಾಗ ನಾನು ಲಂಘನವನ್ನೇ ಮಾಡುತ್ತೇನೆ.

ಮಕ್ಕಳ ವೈದ್ಯೆ, ಧಾರವಾಡ · 8:31

ದೊಡ್ಡವರಿಗೆ ಹಸಿವಿಲ್ಲದಿದ್ದರೆ ಒಂದು ಹೊತ್ತಿನ ಊಟ ಬಿಟ್ಟರೆ ತೊಂದರೆಯಿಲ್ಲ ಸರ್. ಆದರೆ ನೀರು ಮತ್ತು ಉಪ್ಪನ್ನು ಬಿಡುವಂತಿಲ್ಲ.

ಇಬ್ಬರು ಮಕ್ಕಳ ತಾಯಿ, ಬೆಂಗಳೂರು · 8:40

ಡಾಕ್ಟರೇ, ಓಆರ್‌ಎಸ್ ಕೊಟ್ಟ ಎರಡೇ ನಿಮಿಷಕ್ಕೆ ಮಗು ಎಲ್ಲವನ್ನೂ ಕಕ್ಕಿಬಿಡುತ್ತದೆಯಲ್ಲ, ಆಗ ಏನು ಮಾಡಬೇಕು? ಕಳೆದ ವರ್ಷ ನನ್ನ ಮಗಳಿಗೆ ಹೀಗಾದಾಗ ನಾನು ಒಂದು ಲೋಟ ಪೂರ್ತಿ ಕುಡಿಸಿದೆ, ಪೂರ್ತಿ ಹೊರಗೆ ಬಂತು. ಮತ್ತೊಂದು ಲೋಟ ಕುಡಿಸಿದೆ, ಅದೂ ಬಂತು. ಇನ್ನೊಂದು ತಪ್ಪನ್ನೂ ಮಾಡಿದ್ದೆ. ಒಂದು ಲೀಟರಿಗೆ ಕಲಸಬೇಕಾದ ದೊಡ್ಡ ಪೊಟ್ಟಣದಲ್ಲಿ ಅರ್ಧವನ್ನು ಒಂದೇ ಲೋಟಕ್ಕೆ ಹಾಕಿದ್ದೆ. ಮಗು ಮುಖ ಕಿವುಚಿದಾಗ ನಾನೇ ರುಚಿ ನೋಡಿದರೆ ಅದು ಸಮುದ್ರದ ನೀರಿನಷ್ಟು ಉಪ್ಪಾಗಿತ್ತು.

ಮಕ್ಕಳ ವೈದ್ಯೆ, ಧಾರವಾಡ · 9:10

ನೀವು ಇದನ್ನು ಹೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಈ ಎರಡೂ ತಪ್ಪುಗಳನ್ನು ನಾನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ. ದೊಡ್ಡ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ನೀರಿಗೇ ಹಾಕಬೇಕು. 200 ಮಿ.ಲೀ.ಗೆ ಚಿಕ್ಕ ಪೊಟ್ಟಣ ಬೇರೆಯೇ ಸಿಗುತ್ತದೆ. ಗಟ್ಟಿಯಾಗಿ ಕಲಸಿದರೆ ರಕ್ತದಲ್ಲಿ ಸೋಡಿಯಂ ಏರಿ ಮಗುವಿಗೆ ಅಪಾಯ. ಕಲಸಿಟ್ಟದ್ದನ್ನು 24 ಗಂಟೆಯಾದ ಮೇಲೆ ಚೆಲ್ಲಿ ಹೊಸದು ಮಾಡಿಕೊಳ್ಳಿ.

ಕಕ್ಕುವ ಮಗುವಿಗೆ ಹತ್ತು ನಿಮಿಷ ಬಿಡುವು ಕೊಡಿ, ಆಮೇಲೆ ಲೋಟವನ್ನು ಬದಿಗಿಟ್ಟು ಚಮಚ ಹಿಡಿಯಿರಿ. ನಿಮಿಷಕ್ಕೊಂದು ಟೀ ಚಮಚ ಎಂದರೆ ಐದು ಮಿ.ಲೀ., ಗಂಟೆಗೆ 300 ಮಿ.ಲೀ. ಆಯಿತು. ಕೆರಳಿದ ಹೊಟ್ಟೆ ಒಂದು ಲೋಟವನ್ನು ಒಮ್ಮೆಲೇ ತಾಳುವುದಿಲ್ಲ, ಚಮಚವನ್ನು ತಾಳುತ್ತದೆ. ವಾಂತಿ ನಿಂತ ಮೇಲೆ ಪ್ರತಿ ಸಲ ಭೇದಿಯಾದಾಗ ಎರಡು ವರ್ಷದ ಒಳಗಿನ ಮಗುವಿಗೆ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿ.ಲೀ. ಕೊಡಿ. ಆರು ತಿಂಗಳಿನಿಂದ ಐದು ವರ್ಷದವರೆಗಿನ ಮಕ್ಕಳಿಗೆ ಜಿಂಕ್ ದಿನಕ್ಕೆ 20 ಮಿ.ಗ್ರಾಂ.ನಂತೆ 14 ದಿನ ಕೊಡಬೇಕು, ಭೇದಿ ನಿಂತಿತೆಂದು ಮೂರನೆಯ ದಿನಕ್ಕೇ ಬಿಡಬಾರದು. ಭೇದಿ ನಿಲ್ಲಿಸುವ ಮಾತ್ರೆಯನ್ನು ಅಂಗಡಿಯಿಂದ ತಂದು ಮಕ್ಕಳಿಗೆ ಕೊಡಲೇಬೇಡಿ.

ಈ ಪೊಟ್ಟಣದ ಮೇಲೆ ನನಗೆ ಇರುವ ಗೌರವಕ್ಕೆ ಕಾರಣವಿದೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬಂಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಏರಿಸುವ ಸಲೈನ್ ಮುಗಿದುಹೋದಾಗ, ಡಾ. ದಿಲೀಪ್ ಮಹಾಲನಬಿಸ್ ಅವರು ಉಪ್ಪು, ಅಡುಗೆ ಸೋಡಾ ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಅವರು 2022ರಲ್ಲಿ ತೀರಿಕೊಂಡರು, ಪದ್ಮವಿಭೂಷಣ ಮರುವರ್ಷ ಬಂತು. ತಾಯಿಯ ಕೈಯಲ್ಲಿರುವ ಒಂದು ಚಮಚ ಎಷ್ಟು ದೊಡ್ಡ ಔಷಧ ಎಂದು ನಾನು ಪ್ರತಿ ಮನೆಯವರಿಗೂ ಹೇಳುವುದು ಇದೇ ಕಾರಣಕ್ಕೆ.

ಮೈಸೂರಿನ ಚಿಕ್ಕಮ್ಮ · 9:22

ಪುಡಿ ಕಲಸುವ ರಗಳೆಯೇಕೆ, ಅಂಗಡಿಯಲ್ಲಿ ಸೇಬಿನ ರುಚಿಯ ಡಬ್ಬಿ ಸಿಗುತ್ತದಲ್ಲ, ಮಕ್ಕಳು ಇಷ್ಟಪಟ್ಟು ಕುಡಿಯುತ್ತಾರೆ. ಅದೂ ಸಿಗದಿದ್ದರೆ ತಂಪು ಪಾನೀಯದ ಗ್ಯಾಸ್ ಬಿಟ್ಟು ಕೊಡಬಹುದು.

ಔಷಧಿ ಅಂಗಡಿಯವ, ಸಾಗರ · 9:35

ದಯವಿಟ್ಟು ಬೇಡ ಅಕ್ಕ. ಓಆರ್‌ಎಸ್ ಎಂಬ ಹೆಸರು ಹೊತ್ತು ಬರುತ್ತಿದ್ದ ಅಂಥ ಪಾನೀಯಗಳಲ್ಲಿ ಹಲವದರಲ್ಲಿ ಸಕ್ಕರೆ ಮಿತಿಮೀರಿ ಇತ್ತು, ಉಪ್ಪಿನ ಅಂಶ ಸಾಲದಾಗಿತ್ತು. ಹೈದರಾಬಾದಿನ ಮಕ್ಕಳ ವೈದ್ಯೆಯೊಬ್ಬರು ವರ್ಷಗಟ್ಟಲೆ ಹೋರಾಡಿದ ಮೇಲೆ, 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಅಂಥ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಎಂಬ ಪದವನ್ನು ಬಳಸಬಾರದೆಂದು ಆದೇಶಿಸಿತು. ಸಕ್ಕರೆ ಹೆಚ್ಚಾದ ನೀರು ಕರುಳಿಗೆ ಹೋದರೆ ಮೈಯೊಳಗಿನ ನೀರನ್ನೂ ಎಳೆದುಕೊಂಡು ಭೇದಿಯನ್ನು ಹೆಚ್ಚಿಸುತ್ತದೆ, ತಂಪು ಪಾನೀಯದ ಕಥೆಯೂ ಅದೇ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದು ಎಂದು ಮುದ್ರಿಸಿರುವ ಪುಡಿಯನ್ನೇ ಕೇಳಿ ಪಡೆಯಿರಿ. ಆ ಸೂತ್ರದಲ್ಲಿ ಲೀಟರಿಗೆ ಗ್ಲೂಕೋಸ್ 13.5 ಗ್ರಾಂ ಮತ್ತು ಉಪ್ಪು 2.6 ಗ್ರಾಂ ಇರುತ್ತವೆ. ಮಧ್ಯರಾತ್ರಿಯಲ್ಲಿ ಪೊಟ್ಟಣ ಸಿಗದಿದ್ದರೆ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ತಲೆ ಸವರಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿಕೊಂಡು ಬೆಳಗಿನವರೆಗೆ ನಿಭಾಯಿಸಬಹುದು.

ತಿಪಟೂರಿನ ಅಕ್ಕನವರಿಗೆ, ಮಾವನವರ ವಿಷಯದಲ್ಲಿ ಒಂದು ಮಾತು. ಸಕ್ಕರೆ ಕಾಯಿಲೆಯವರು ಓಆರ್‌ಎಸ್ ಕುಡಿಯಬಾರದೆಂಬ ಹೆದರಿಕೆ ಬಹಳ ಜನರಿಗಿದೆ. 200 ಮಿ.ಲೀ. ಲೋಟದಲ್ಲಿರುವ ಗ್ಲೂಕೋಸ್ ಮೂರು ಗ್ರಾಂಗೂ ಕಡಿಮೆ, ಒಂದು ಚಮಚ ಸಕ್ಕರೆಯಷ್ಟೂ ಅಲ್ಲ. ವಾಂತಿಭೇದಿಯಾದಾಗ ಅದನ್ನು ಕುಡಿಯಲೇಬೇಕು, ಜೊತೆಗೆ ಗ್ಲೂಕೋಮೀಟರಿನಲ್ಲಿ ಸಕ್ಕರೆ ನೋಡಿಕೊಳ್ಳುತ್ತಿರಬೇಕು. ಮೂತ್ರಪಿಂಡದ ಅಥವಾ ಹೃದಯದ ತೊಂದರೆ ಇದ್ದರೆ ಮಾತ್ರ ಎಷ್ಟು ಕುಡಿಯಬೇಕೆಂದು ಡಾಕ್ಟರನ್ನು ಕೇಳಿ.

ಓಆರ್‌ಎಸ್‌ಗಿಂತ ದೊಡ್ಡ ಚಿಂತೆ ಅವರ ದಿನದ ಮಾತ್ರೆಗಳದ್ದು. ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆಗಳು, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮುಂತಾದವನ್ನು ಮೈಯಲ್ಲಿ ನೀರು ಕಡಿಮೆಯಾದಾಗಲೂ ಎಂದಿನಂತೆ ನುಂಗಿದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ಸಕ್ಕರೆ ಇಳಿಸುವ ಗ್ಲಿಮಿಪಿರೈಡ್ ಮಾತ್ರೆ ಇದ್ದು ಊಟ ಸೇರದಿದ್ದರೆ ಸಕ್ಕರೆ ಹಠಾತ್ತನೆ ಇಳಿಯಬಹುದು. ಹಾಗೆಂದು ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ, ಇನ್ಸುಲಿನ್ ಇದ್ದರಂತೂ ಸರ್ವಥಾ ಕೂಡದು. ಅವರು ಆರೋಗ್ಯವಾಗಿರುವಾಗಲೇ, ಇವತ್ತೇ, ಅವರ ಡಾಕ್ಟರಿಗೆ ಫೋನು ಮಾಡಿ, ವಾಂತಿ ಶುರುವಾದರೆ ಯಾವ ಮಾತ್ರೆ ಬಿಡಬೇಕು, ಯಾವುದು ಮುಂದುವರಿಯಬೇಕು ಎಂದು ಕೇಳಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಕಲಬುರಗಿಯ ಎಂಜಿನಿಯರ್ · 10:05

ಎಲ್ಲರೂ ಕೈ, ಮಗ್ಗು ಎನ್ನುತ್ತಿದ್ದೀರಿ, ನೀರಿನ ಮೂಲವನ್ನು ಯಾರೂ ಕೇಳುತ್ತಿಲ್ಲ. ನಾನು ನೀರು ಸರಬರಾಜಿನಲ್ಲಿ ಕೆಲಸ ಮಾಡಿದವನು. ನಮ್ಮಲ್ಲಿ ನಲ್ಲಿ ನೀರು ಎರಡು ಮೂರು ದಿನಕ್ಕೊಮ್ಮೆ ಬರುತ್ತದೆ. ನೀರು ನಿಂತಾಗ ಪೈಪಿನೊಳಗೆ ಒತ್ತಡ ಇಳಿದು, ಪಕ್ಕದ ಚರಂಡಿಯ ನೀರು ಒಡಕಿನ ಮೂಲಕ ಒಳಗೆ ಸೇರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ನಲ್ಲಿಯ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ ಕ್ಲೋರಿನ್ ಉಳಿದಿರಬೇಕು, ಅದನ್ನು ಅಳೆಯುವವರು ಎಷ್ಟು ಜನ? ಮನೆಯಲ್ಲಿ ನಾಲ್ವರಿಗೆ ಬಂದಿದೆ ಎಂದರೆ ನನ್ನ ಮೊದಲ ಸಂಶಯ ನೀರಿನ ಮೇಲೆಯೇ.

ನಿವೃತ್ತ ಶುಶ್ರೂಷಕಿ, ಮಂಡ್ಯ · 10:20

ನಿಮ್ಮ ಮಾತು ಬೇರೆ ಸಂದರ್ಭದಲ್ಲಿ ಸರಿಯಾದದ್ದೇ, ಆದರೆ ಇಲ್ಲಿ ದಿನಗಳ ಲೆಕ್ಕವನ್ನು ನೋಡಿ. ನೀರಿನಿಂದ ಬಂದಿದ್ದರೆ ಒಂದೇ ಬಿಂದಿಗೆಯ ನೀರು ಕುಡಿದವರು ಹೆಚ್ಚು ಕಡಿಮೆ ಒಟ್ಟಿಗೆ ಮಲಗುತ್ತಿದ್ದರು. ಇಲ್ಲಿ ಸೋಮವಾರ ರಾತ್ರಿ ಮಗ, ಅವನ ವಾಂತಿ ಬಳಿದ ತಾಯಿ ಸುಮಾರು ಮೂವತ್ತು ಗಂಟೆಗಳ ಮೇಲೆ, ನಂತರ ಮಗಳು, ನಂತರ ಅಜ್ಜಿ. ಇದು ಒಬ್ಬರಿಂದೊಬ್ಬರಿಗೆ ಮೆಟ್ಟಿಲು ಹತ್ತಿದ ರೋಗ.

ಕಲಬುರಗಿಯ ಎಂಜಿನಿಯರ್ · 10:34

ಲೆಕ್ಕವನ್ನು ಒಪ್ಪಿದೆ. ಆದರೂ ಅಕ್ಕಪಕ್ಕದ ಮನೆಗಳಲ್ಲಿ ವಿಚಾರಿಸಿ ಎಂಬ ಮಾತನ್ನು ನಾನು ಬಿಡುವುದಿಲ್ಲ. ಬೀದಿಯಲ್ಲಿ ಇನ್ನೂ ಎರಡು ಮನೆಗಳಲ್ಲಿ ಇದ್ದರೆ ಆಶಾ ಕಾರ್ಯಕರ್ತೆಗೆ ಮತ್ತು ನಗರಸಭೆಗೆ ಕೂಡಲೇ ತಿಳಿಸಬೇಕು.

ಮಕ್ಕಳ ವೈದ್ಯೆ, ಧಾರವಾಡ · 10:41

ಅದಕ್ಕೆ ನನ್ನ ಬೆಂಬಲವೂ ಇದೆ. ಭೇದಿ ಅಕ್ಕಚ್ಚಿನಂತೆ ಬಿಳಿಯಾಗಿ, ಬಕೆಟ್ಟುಗಟ್ಟಲೆ ಹೋಗತೊಡಗಿದರೆ ಅದು ಕಾಲರಾ ಇರಬಹುದು, ಆಗ ಮನೆಯಲ್ಲಿ ಕಾಯಬಾರದು. ರಕ್ತ ಬೆರೆತ ಭೇದಿ, ಬಿಡದ ಜ್ವರ, ಆರೆಂಟು ಗಂಟೆ ಮೂತ್ರವಿಲ್ಲದಿರುವುದು, ಅಳುವಾಗ ಕಣ್ಣೀರು ಬಾರದಿರುವುದು, ಗುಳಿಬಿದ್ದ ಕಣ್ಣು, ಕರೆದರೆ ಓಗೊಡದ ಮಂಪರು, ಇವುಗಳಲ್ಲಿ ಯಾವುದು ಕಂಡರೂ ಆಸ್ಪತ್ರೆಗೆ ಹೊರಡಿ. ಅತ್ತೆಯವರನ್ನೂ ಇದೇ ಕಣ್ಣಿನಿಂದ ನೋಡಿಕೊಳ್ಳಿ. ವಯಸ್ಸಾದವರಿಗೆ ಬಾಯಾರಿಕೆ ಗೊತ್ತಾಗುವುದು ಕಡಿಮೆ, ಎದ್ದಾಗ ತಲೆ ಸುತ್ತಿ ಬೀಳುತ್ತಾರೆ.

ತಿಪಟೂರಿನ ಸೊಸೆ · 11:15

ಅಕ್ಕಪಕ್ಕದ ಮನೆಗಳಲ್ಲಿ ಯಾರಿಗೂ ಇಲ್ಲ. ಆದರೆ ನಾಮಕರಣಕ್ಕೆ ಬಂದಿದ್ದ ಇನ್ನಿಬ್ಬರು ಮಕ್ಕಳಿಗೂ ಆಗಿದೆಯಂತೆ, ಅಲ್ಲಿಂದಲೇ ಬಂದಿರಬೇಕು. ಮೈದುನನನ್ನು ಕಳುಹಿಸಿ ಬ್ಲೀಚಿಂಗ್ ಪೌಡರ್ ತರಿಸಿದ್ದೇನೆ. ಮಾವನವರ ಡಾಕ್ಟರು ಎರಡು ಮಾತ್ರೆಗಳ ಹೆಸರು ಹೇಳಿ, ವಾಂತಿ ಶುರುವಾದರೆ ಅವನ್ನು ಕೊಡದೆ ನನಗೆ ಫೋನು ಮಾಡಿ ಎಂದಿದ್ದಾರೆ. ಒಂದು ಸಂಶಯವಿದೆ. ಮಗನಿಗೆ ರೋಟಾವೈರಸ್ ಲಸಿಕೆ ಹಾಕಿಸಿತ್ತು, ಮಗಳಿಗೆ ಹಾಕಿಸಿದ ನೆನಪಿಲ್ಲ. ಲಸಿಕೆ ಹಾಕಿಸಿದವನಿಗೇ ಮೊದಲು ಬಂತಲ್ಲ?

ಮಕ್ಕಳ ವೈದ್ಯೆ, ಧಾರವಾಡ · 11:40

ರೋಟಾವೈರಸ್ ಲಸಿಕೆ ಸರ್ಕಾರದ ಉಚಿತ ಕಾರ್ಯಕ್ರಮಕ್ಕೆ ಸೇರಿದ್ದು 2016ರಲ್ಲಿ, ಅದೂ ನಾಲ್ಕು ರಾಜ್ಯಗಳಲ್ಲಿ ಮಾತ್ರ. ಕರ್ನಾಟಕ ಆ ನಾಲ್ಕರಲ್ಲಿ ಇರಲಿಲ್ಲ, ದೇಶದ ಎಲ್ಲೆಡೆ ಸಿಗುವಂತಾದದ್ದು 2019ರ ಹೊತ್ತಿಗೆ. ಆದ್ದರಿಂದ ಮಗಳಿಗೆ ಸಿಕ್ಕಿರಲಿಕ್ಕಿಲ್ಲ. ಈಗ ಆರು, ಹತ್ತು ಮತ್ತು ಹದಿನಾಲ್ಕನೆಯ ವಾರಗಳಲ್ಲಿ ಬಾಯಿಗೆ ಹಾಕುತ್ತಾರೆ. ಅದು ರೋಟಾವೈರಸ್ಸಿನ ತೀವ್ರ ಭೇದಿಯನ್ನು ತಡೆಯುತ್ತದೆ, ನೊರೊವೈರಸ್ ಬೇರೆಯೇ ಜಾತಿ, ಅದಕ್ಕೆ ಇನ್ನೂ ಬಳಕೆಗೆ ಬಂದ ಲಸಿಕೆಯಿಲ್ಲ. ಲಸಿಕೆ ಕೆಲಸ ಮಾಡಲಿಲ್ಲ ಎಂದು ಯಾರೂ ಇದರಿಂದ ತೀರ್ಮಾನಿಸಬೇಡಿ.

ಲೀಡ್ಸ್‌ನ ಕನ್ನಡತಿ · ಮಧ್ಯಾಹ್ನ 1:05

ನಾನು ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಇಲ್ಲಿ ಇದಕ್ಕೆ ಚಳಿಗಾಲದ ವಾಂತಿ ರೋಗ ಎಂದೇ ಹೆಸರು, ವರ್ಷವರ್ಷವೂ ವಾರ್ಡುಗಳನ್ನೇ ಮುಚ್ಚಿಸುತ್ತದೆ. ಇಲ್ಲಿಯ ನಿಯಮ ಬಹಳ ಸರಳ. ವಾಂತಿಭೇದಿ ಪೂರ್ತಿ ನಿಂತು 48 ಗಂಟೆಗಳಾಗುವವರೆಗೆ ಶಾಲೆಗೂ ಕೆಲಸಕ್ಕೂ ಹೋಗುವಂತಿಲ್ಲ, ಬೇರೆಯವರಿಗೆ ಅಡುಗೆ ಮಾಡುವಂತಿಲ್ಲ. ಮೈ ಸರಿಹೋದ ಮೇಲೂ ಎರಡು ವಾರ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಕಾಲ ಮಲದಲ್ಲಿ ವೈರಸ್ ಹೋಗುತ್ತಿರುತ್ತದೆ, ಆದ್ದರಿಂದ ಸೋಪಿನ ಶಿಸ್ತು ಆಮೇಲೆಯೂ ಇರಬೇಕು.

ಇಡೀ ಚರ್ಚೆಯಲ್ಲಿ ಯಾರೂ ಕೇಳದ ಪ್ರಶ್ನೆಯೊಂದನ್ನು ನಾನು ಕೇಳುತ್ತೇನೆ. ಬುಧವಾರ ನಸುಕಿನಿಂದ ನಿಮಗೆ ಹುಷಾರಿಲ್ಲ ಎಂದಿರಿ. ಬುಧವಾರ ಮನೆಯಲ್ಲಿ ಅಡುಗೆ ಮಾಡಿದವರು ಯಾರು?

ತಿಪಟೂರಿನ ಸೊಸೆ · 1:20

ನಾನೇ. ಬೆಳಿಗ್ಗೆ ಅತ್ತೆ ಉಪ್ಪಿಟ್ಟು ಮಾಡಿದರು. ಮಧ್ಯಾಹ್ನ ಸ್ವಲ್ಪ ಏಳುವಂತಾದಾಗ ನಾನೇ ಮುದ್ದೆ ತೊಳಸಿ ಸಾರು ಮಾಡಿದೆ. ಇವತ್ತು ಅತ್ತೆಯೂ ಮಲಗಿರುವುದರಿಂದ ಈಗ ಎದ್ದು ಅನ್ನಕ್ಕೆ ಇಟ್ಟಿದ್ದೇನೆ.

ಲೀಡ್ಸ್‌ನ ಕನ್ನಡತಿ · 1:24

ದಯವಿಟ್ಟು ಒಲೆ ಆರಿಸಿ ಹೋಗಿ ಮಲಗಿ. ಮನೆಯಲ್ಲಿ ಆರೋಗ್ಯವಾಗಿರುವ ಮೂವರು ಇದ್ದಾರೆ.

ಹುಬ್ಬಳ್ಳಿಯ ಗೃಹಿಣಿ · 1:40

ಹೇಳುವುದು ಸುಲಭ ತಂಗೀ. ರೊಟ್ಟಿ ಬಡಿಯಲು ಬಾರದ ಗಂಡಸರ ಮನೆಯಲ್ಲಿ ಹೆಂಗಸು ಮಲಗಿದರೆ ಮಕ್ಕಳ ಹೊಟ್ಟೆಗೆ ಏನು ಹಾಕಬೇಕು? ನಾನು ಜ್ವರದಲ್ಲಿಯೂ ಒಲೆಯ ಮುಂದೆ ಕುಳಿತವಳು, ನಮ್ಮ ಅವ್ವನೂ ಹಾಗೆಯೇ ಮಾಡಿದವಳು.

ಶಿರಸಿಯ ತೋಟದವ · 2:02

ಅಕ್ಕ, ನಾನು ಗಂಡಸಾಗಿಯೇ ಉತ್ತರ ಕೊಡುತ್ತೇನೆ. ಮೂರು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಹೆಂಡತಿ ಮತ್ತು ಆಯಿ ಒಟ್ಟಿಗೆ ಮಲಗಿದರು. ಮೊದಲ ದಿನ ಆಯಿ ಏಳಲಾರದೆ ಎದ್ದು, ಗೋಡೆ ಹಿಡಿದುಕೊಂಡು ಬಂದು ಗಂಜಿಗೆ ಅಕ್ಕಿ ತೊಳೆದರು, ನಾನು ಅದನ್ನು ನೋಡುತ್ತ ನಿಂತಿದ್ದೆ. ಮರುದಿನ ನನಗೂ ಬಂತು, ಅಪ್ಪನಿಗೂ ಬಂತು. ಅಪ್ಪನನ್ನು ಎರಡು ದಿನ ಆಸ್ಪತ್ರೆಯಲ್ಲಿಟ್ಟು ಸಲೈನ್ ಏರಿಸಬೇಕಾಯಿತು. ಆ ನಂತರ ನಾನು ಅನ್ನ, ಗಂಜಿ, ತೊವ್ವೆ, ಸಾರು ಮಾಡಲು ಕಲಿತೆ. ಒಂದು ಲೋಟ ಅಕ್ಕಿಗೆ ಏಳೆಂಟು ಲೋಟ ನೀರು, ಚಿಟಿಕೆ ಉಪ್ಪು ಹಾಕಿ ಕುಕ್ಕರಿನಲ್ಲಿ ಐದು ಸೀಟಿ ಹೊಡೆಸಿದರೆ ಗಂಜಿ. ಇದಕ್ಕೆ ರೊಟ್ಟಿ ಬಡಿಯುವ ವಿದ್ಯೆ ಬೇಕಿಲ್ಲ. ತಿಪಟೂರಿನ ಮೈದುನನಿಗೆ ಬ್ಲೀಚಿಂಗ್ ಪೌಡರ್ ತರಲು ಬರುತ್ತದೆ ಎಂದಾದರೆ ಗಂಜಿ ಬೇಯಿಸಲೂ ಬರುತ್ತದೆ.

ದಾವಣಗೆರೆ ಮೇಷ್ಟ್ರು · 2:15

ಲಂಘನದ ಮಾತನ್ನು ಮಕ್ಕಳ ಮಟ್ಟಿಗೆ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಈ ಮಾತಿಗಂತೂ ಪೂರ್ತಿ ಸಮ್ಮತಿ ಇದೆ. ನಮ್ಮಲ್ಲಿ ಎಂಜಲು, ಮುಸುರೆ, ಮಡಿ ಎಂದು ಎಷ್ಟೊಂದು ಕಟ್ಟಳೆಗಳಿದ್ದವು. ಕಾಯಿಲೆಯ ಮನುಷ್ಯನ ಕೈ ಅಡುಗೆಗೆ ತಾಗಬಾರದು ಎಂಬ ಒಂದು ಕಟ್ಟಳೆಯನ್ನು ನಾವು ಹೆಂಗಸರಿಗಾಗಿ ಪಾಲಿಸಲೇ ಇಲ್ಲ.

ಹುಬ್ಬಳ್ಳಿಯ ಗೃಹಿಣಿ · 2:21

ನಮ್ಮ ಮನೆಯವರಿಗೆ ಇದನ್ನು ಓದಿ ಹೇಳುತ್ತೇನೆ.

ಮೈಸೂರಿನ ಚಿಕ್ಕಮ್ಮ · 3:10

ದಾಳಿಂಬೆ ಸಿಪ್ಪೆಯ ಕಷಾಯ, ಮೆಂತ್ಯ ನೆನೆಸಿದ ಮಜ್ಜಿಗೆ ಇವುಗಳನ್ನು ಕೊಡಬಹುದೇ ಡಾಕ್ಟರೇ? ನಮ್ಮಲ್ಲಿ ತಲೆತಲಾಂತರದಿಂದ ಕೊಡುತ್ತಾರೆ.

ಮಕ್ಕಳ ವೈದ್ಯೆ, ಧಾರವಾಡ · 3:30

ದೊಡ್ಡವರಿಗೆ ಉಪ್ಪು ಹಾಕಿದ ನೀರುಮಜ್ಜಿಗೆ, ಗಂಜಿಯ ತಿಳಿ, ಎಳನೀರು ಎಲ್ಲವೂ ಒಳ್ಳೆಯದೇ. ಆದರೆ ಎಳನೀರಿನಲ್ಲಿ ಸೋಡಿಯಂ ಕಡಿಮೆ, ಪೊಟ್ಯಾಸಿಯಂ ಹೆಚ್ಚು. ಆದ್ದರಿಂದ ಓಆರ್‌ಎಸ್ ಜೊತೆಗೆ ಅದು ಇರಲಿ, ಅದರ ಬದಲಿಗೆ ಬೇಡ. ಚಿಕ್ಕ ಮಕ್ಕಳಿಗೆ ಕಷಾಯ ಕೊಡಬೇಡಿ. ಒಗರಿಗೆ ವಾಂತಿ ಹೆಚ್ಚಾದರೆ ಚಮಚ ಚಮಚವಾಗಿ ಒಳಗೆ ಕಳುಹಿಸಿದ್ದೂ ಹೊರಗೆ ಬರುತ್ತದೆ.

ಇಬ್ಬರು ಮಕ್ಕಳ ತಾಯಿ, ಬೆಂಗಳೂರು · 4:00

ಹಾಸಿಗೆಯನ್ನು ಏನು ಮಾಡಬೇಕು? ಬ್ಲೀಚ್ ಹಾಕಿದರೆ ಬಣ್ಣ ಹೋಗುತ್ತದೆ, ಹತ್ತಿಯ ಹಾಸಿಗೆಯನ್ನು ಒಗೆಯಲಾಗುವುದಿಲ್ಲ.

ನಿವೃತ್ತ ಶುಶ್ರೂಷಕಿ, ಮಂಡ್ಯ · 4:25

ಹೊದಿಕೆ, ದಿಂಬಿನ ಚೀಲ, ಸೊಳ್ಳೆಪರದೆ ಇವನ್ನು ಕೊಡವದೆ, ಮೈಗೆ ಆನಿಸಿಕೊಳ್ಳದೆ ಸುರುಳಿ ಸುತ್ತಿ ತೆಗೆದುಕೊಂಡು ಹೋಗಬೇಕು, ಕೊಡವಿದರೆ ಕಣಗಳು ಗಾಳಿಗೇರುತ್ತವೆ. ಬಟ್ಟೆಯನ್ನು ಹಂಡೆಯ ಕುದಿಯುವ ನೀರಿನಲ್ಲಿ ಸೋಪಿನ ಪುಡಿಯೊಂದಿಗೆ ಅದ್ದಿಟ್ಟು ಒಗೆಯಿರಿ, ಉಗುರುಬೆಚ್ಚಗಿನ ನೀರು ಈ ವೈರಸ್ಸಿಗೆ ಸಾಲದು. ಕಲ್ಲಿಗೆ ಬ್ಲೀಚಿಂಗ್ ನೀರು ಸುರಿದ ಮೇಲೆಯೇ ಪಾತ್ರೆಗಳನ್ನು ಅಲ್ಲಿಗೆ ತನ್ನಿ. ಹತ್ತಿಯ ಹಾಸಿಗೆಯ ಕಲೆಯನ್ನು ಸೋಪು ನೀರಿನಿಂದ ಉಜ್ಜಿ, ಎರಡೂ ಮಗ್ಗುಲು ಮೂರು ನಾಲ್ಕು ದಿನ ಬಿಸಿಲಿಗೆ ಹಾಕಿ, ಅಲ್ಲಿಯವರೆಗೆ ಚಾಪೆಯ ಮೇಲೆ ಮಲಗಿ. ವಾಂತಿಯಾಗುವವರ ಪಕ್ಕದಲ್ಲಿ ತಳಕ್ಕೆ ಪ್ಲಾಸ್ಟಿಕ್ ಚೀಲ ಹಾಸಿದ ಬೋಗುಣಿ ಸದಾ ಇರಲಿ, ಕತ್ತಲಲ್ಲಿ ಹುಡುಕುವಂತೆ ಆಗಬಾರದು.

ತಿಪಟೂರಿನ ಸೊಸೆ · ಸೋಮವಾರ ಬೆಳಿಗ್ಗೆ 7:15

ನಿಮ್ಮೆಲ್ಲರಿಗೂ ಹೇಳಬೇಕೆಂದು ಬರೆಯುತ್ತಿದ್ದೇನೆ. ಗುರುವಾರ ಮಧ್ಯಾಹ್ನ ನಾನು ಒಲೆ ಆರಿಸಿ, ಈ ಚರ್ಚೆಯನ್ನು ನಮ್ಮ ಯಜಮಾನರಿಗೂ ಮೈದುನನಿಗೂ ಓದಲು ಕೊಟ್ಟು ಮಲಗಿದೆ. ಸಂಜೆಗೆ ಮೈದುನ ಗಂಜಿ ಮಾಡಿದ. ಅಡುಗೆಮನೆಯ ಬಾಗಿಲಿನಿಂದ ಆಚೆ ಕುರ್ಚಿ ಹಾಕಿಕೊಂಡು ಕುಳಿತ ಅತ್ತೆ ಉಪ್ಪಿನ ಅಳತೆ ಹೇಳುತ್ತಿದ್ದರು, ಆದರೆ ಹೊಸಿಲು ದಾಟಲಿಲ್ಲ. ನಾಲ್ಕು ದಿನವೂ ಅವನೇ ಮಾಡಿದ್ದಾನೆ. ಮಾವನವರಿಗೆ ಮುಂದಿನ ಕೋಣೆ, ಬೇರೆ ಲೋಟ, ಬೇರೆ ಟವೆಲ್ಲು, ಕೆಂಪು ಮಗ್ಗು, ನಮಗೆಲ್ಲ ನೀಲಿ ಮಗ್ಗು. ಶುಕ್ರವಾರ ರಾತ್ರಿ ಯಜಮಾನರಿಗೆ ಬಂತು, ಮೂರು ಸಲ ವಾಂತಿಯಾಗಿ ಭಾನುವಾರ ಮಧ್ಯಾಹ್ನಕ್ಕೆ ಇಳಿಯಿತು. ಅತ್ತೆ ಶನಿವಾರ ಬೆಳಿಗ್ಗೆ ಎದ್ದು ಓಡಾಡುವಂತಾದರು. ಮಾವನವರಿಗೂ ಮೈದುನನಿಗೂ ಈ ಕ್ಷಣದವರೆಗೆ ಏನೂ ಆಗಿಲ್ಲ. ಮಾತ್ರೆಯ ಚೀಟಿ ಇನ್ನೂ ಗೋಡೆಯ ಕ್ಯಾಲೆಂಡರಿಗೆ ಸಿಕ್ಕಿಸಿಯೇ ಇದೆ.

ಕೊನೆಯ ಪ್ರಶ್ನೆ. ಮಗಳ ಭೇದಿ ನಿಂತದ್ದು ಶನಿವಾರ ಮಧ್ಯಾಹ್ನ. ಇವತ್ತು ಅವಳಿಗೆ ಶಾಲೆಯಲ್ಲಿ ಕಿರುಪರೀಕ್ಷೆ ಇದೆ, ಹೋಗುತ್ತೇನೆಂದು ಹಟ ಮಾಡುತ್ತಿದ್ದಾಳೆ. ಕಳುಹಿಸಬಹುದೇ?

ನಿವೃತ್ತ ಶುಶ್ರೂಷಕಿ, ಮಂಡ್ಯ · 7:22

48 ಗಂಟೆ ಆಗುವುದು ಇವತ್ತು ಮಧ್ಯಾಹ್ನಕ್ಕೆ, ಆದ್ದರಿಂದ ನಾಳೆ ಕಳುಹಿಸಿ. ಶಾಲೆಗೆ ಫೋನು ಮಾಡಿ ಕಾರಣ ಹೇಳಿ, ಅವಳ ಬೆಂಚಿನಲ್ಲಿ ಕೂರುವ ಬೇರೆ ಮಕ್ಕಳೂ ಇದ್ದಾರೆ. ಯಜಮಾನರೂ ಮಂಗಳವಾರ ಮಧ್ಯಾಹ್ನದವರೆಗೆ ಅಡುಗೆಮನೆಗೆ ಹೋಗುವುದು ಬೇಡ. ಮಗನಿಗೆ ಮಂಗಳವಾರ ಶುರುಮಾಡಿದ ಜಿಂಕ್ ಮುಂದಿನ ಸೋಮವಾರದವರೆಗೂ ನಡೆಯಲಿ. ಕೆಂಪು ಮಗ್ಗು ಇನ್ನೂ ಎರಡು ವಾರ ಮಾವನವರ ಬಕೆಟ್ಟಿನಲ್ಲಿಯೇ ಇರಲಿ.

ತಿಪಟೂರಿನ ಸೊಸೆ · 7:26

ಆಗಲಿ ಮೇಡಂ. ಶಾಲೆಗೆ ಈಗಲೇ ಫೋನು ಮಾಡುತ್ತೇನೆ.